ಪ್ಯಾಟಿನಾ: ಹಳೇ ಹಿತ್ತಾಳೆ, ತಾಮ್ರ ಕೊಂಡರೆ ತಿಕ್ಕಬೇಡಿ

ಹಳೇ ವಸ್ತು ಸಂಗ್ರಹಿಸಲು ಹೊರಟವರ ಕಿವಿಗೆ ಬೇಗ ಬೀಳುವ ಪದ ಪ್ಯಾಟಿನಾ. ಲೋಹ, ಮರ, ಚರ್ಮದ ಮೇಲೆ ವರ್ಷಗಟ್ಟಲೆ ಗಾಳಿ, ತೇವ, ಕೈಯ ಜಿಡ್ಡು ತಾಗಿ ತಾನಾಗಿ ಬರುವ ಪದರ, ಬಣ್ಣ, ಮಿರುಗು ಎಲ್ಲಕ್ಕೂ ಇದೇ ಹೆಸರು.

ತಾಮ್ರ ಮೊದಲು ಕಂದಾಗುತ್ತದೆ, ನಿಧಾನವಾಗಿ ಹಸಿರಿಗೆ ತಿರುಗುತ್ತದೆ. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ 1886ರಲ್ಲಿ ಅನಾವರಣವಾದಾಗ ತಾಮ್ರದ ಬಣ್ಣದಲ್ಲೇ ಇತ್ತು. ಈಗಿನ ಹಸಿರು ಪದರ ಒಳಗಿನ ತಾಮ್ರವನ್ನು ಕಾಯುತ್ತಿದೆ.

ನಮ್ಮಲ್ಲಿ ತೊಂದರೆ ಹುಣಸೆಹಣ್ಣಿನದ್ದು! ಹಬ್ಬ ಬಂತೆಂದರೆ ದೀಪದ ಕಂಬ, ಚೊಂಬು ಎಲ್ಲ ಬಚ್ಚಲಿಗೆ. ಫಳಫಳ ಅನ್ನದಿದ್ದರೆ ಮನೆಯವರಿಗೆ ಸಮಾಧಾನವಿಲ್ಲ. ಅಡುಗೆ ಪಾತ್ರೆಗೆ ಅದು ಸರಿಯೇ. ಕಿಲುಬು ಹೊಟ್ಟೆಗೆ ಹೋಗಬಾರದು, ಕಲಾಯಿ ಹಾಕಿಸುತ್ತಿದ್ದುದೂ ಅದಕ್ಕೇ ಅಲ್ವಾ? ಆದರೆ ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಕಾಸನ್ನು ಹುಣಸೆಹುಳಿಗೆ ಹಾಕಿದಿರೋ, ಕೆಟ್ಟಿತು. ಹುಳಿಗೆ ಪದರ ಹೋಗುತ್ತದೆ, ತಿಕ್ಕಿದ ಕಡೆ ಗೀರು ಬೀಳುತ್ತದೆ, ಒಳಗಿನ ಹಸಿ ಗುಲಾಬಿ ಬಣ್ಣ ಕಾಣುತ್ತದೆ. ನಾಣ್ಯ ಬಲ್ಲವರು ಒಂದು ಸಲ ನೋಡಿ, ‘ತೊಳೆದಿದ್ದೀರಿ’ ಎಂದು ಬೆಲೆ ಇಳಿಸುತ್ತಾರೆ.

ನಕಲಿ ಹಿಡಿಯಲೂ ಪ್ಯಾಟಿನಾ ಬೇಕು. ಹಳೇ ಚೊಂಬು ಸಿಕ್ಕರೆ ಕಂಠ ನೋಡಿ. ಬೆರಳು ಹಿಡಿಯುವ ಕಡೆ ಸವೆದು ನುಣುಪಾಗಿರುತ್ತದೆ. ತಳದ ಅಂಚು ನೆಲಕ್ಕೆ ಉಜ್ಜಿ ಉಜ್ಜಿ ತೆಳುವಾಗಿರುತ್ತದೆ. ಕೆತ್ತನೆಯ ಸಂದಿಯಲ್ಲಿ ಮಾತ್ರ ಕಪ್ಪು ಗಟ್ಟಿಯಾಗಿ ಕೂತಿರುತ್ತದೆ. ಕೈ ತಾಗುವ ಜಾಗ, ತಾಗದ ಜಾಗ ಎನ್ನದೆ ಎಲ್ಲ ಕಡೆ ಒಂದೇ ಸಮ ಹಸಿರಿದ್ದರೆ ಅನುಮಾನಪಡಿ. ಆಸಿಡ್ ಬಳಿದು, ಮಣ್ಣಲ್ಲಿ ಹೂತು ಹಸಿರು ಬರಿಸುವವರಿದ್ದಾರೆ. ಅಂಥದ್ದು ಉಗುರು ತಾಗಿಸಿದರೆ ಉದುರೋದೇ ಜಾಸ್ತಿ.

ಹಾಗಂತ ಹಸಿರೆಲ್ಲ ಒಳ್ಳೆಯದೂ ಅಲ್ಲ. ಕಂಚಿನ ಮೇಲೆ ತಿಳಿಹಸಿರು ಪುಡಿ, ಒರೆಸಿದರೂ ಮತ್ತೆ ಏಳುತ್ತಿದ್ದರೆ ಅದು ‘ಕಂಚಿನ ರೋಗ’. ಕ್ಲೋರೈಡ್ ಉಪ್ಪು ತೇವದ ಜೊತೆ ಸೇರಿ ಲೋಹವನ್ನೇ ತಿನ್ನುತ್ತಿರುತ್ತದೆ. ಅಂಥ ವಸ್ತುವನ್ನು ಉಳಿದವುಗಳಿಂದ ಬೇರೆ ಮಾಡಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಮುಚ್ಚಿಟ್ಟು, ಬಲ್ಲವರಿಗೆ ತೋರಿಸಿ. ಉಳಿದವಕ್ಕೆ ಒಣ ಹತ್ತಿಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಪ್ಯಾಟಿನಾ ನೋಡಿ ವಿಗ್ರಹವೊಂದು ನಿಜಕ್ಕೂ 100 ವರ್ಷ ದಾಟಿದೆ ಅನಿಸಿದರೆ ಸುಮ್ನೆ ದುಡ್ಡು ತೆಗೆಯಬೇಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ಅಂಥ ಲೋಹದ, ಕಲ್ಲಿನ ಶಿಲ್ಪಗಳ ನೋಂದಣಿ ಆಗಿರಬೇಕು. ಮೊದಲು ಆ ಪತ್ರ ಕೇಳಿ.