ಒಡಪಿಗೆ ಉತ್ತರ ಗುಳಿಗೆಯಲ್ಲ

ಕಳೆದ ಬೇಸಿಗೆಯಲ್ಲಿ ಮನೋವೈದ್ಯನಾದ ನನ್ನ ಬಳ್ಳಾರಿ ಕ್ಲಿನಿಕ್ಕಿಗೆ ಜೀನ್ಸ್ ಹೊಲಿಯುವ ಹುಡುಗನೊಬ್ಬ ಬಂದ. ಸುತ್ತ ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಮಾತು ಕೇಳಿಸುವ ತೊಂದರೆ ಅವನಿಗೆ. ಆರು ತಿಂಗಳಿಂದ ಗುಳಿಗೆ ತಗೊಂಡು ಚೆನ್ನಾಗಿದ್ದ. ಹಿಂದಿನ ರಾತ್ರಿ ಗೆಳೆಯರ ಜೊತೆ ಒಂದು ಕ್ರೈಂ ಥ್ರಿಲ್ಲರ್ ನೋಡಿದ್ದಾನೆ. ಅದರಲ್ಲಿ ಕೊಲೆಗಾರನಿಗೂ ಹೀಗೇ ಮಾತು ಕೇಳಿಸುತ್ತದೆ. ರಾತ್ರಿಯೆಲ್ಲಾ ನಿದ್ದೆ ಇಲ್ಲ.

"ಸರ, ನಾನೂ ಹಂಗ ಆಗ್ತೀನೇನ್ರಿ?"

ನನಗೋ ಈ ಥರದ ಸಿನಿಮಾಗಳ ಹುಚ್ಚು. (ನನ್ನ ವೃತ್ತಿಯವರು ಆಡಬಾರದ ಪದ, ಆದರೆ ಬೇರೆ ಸಿಗುತ್ತಿಲ್ಲ.) ನಮ್ಮಜ್ಜಿ ರಾತ್ರಿ ಒಡಪು ಹಾಕಿ ಉತ್ತರ ಹೇಳದೆ ಮಲಗಿಬಿಡುತ್ತಿದ್ದಳು. ನಮಗೆಲ್ಲಿಯ ನಿದ್ದೆ! ಥ್ರಿಲ್ಲರ್ ಹಿಡಿಯುವುದೂ ಅಲ್ಲೇ. ಬಿಟ್ಟುಹೋದ ಜಾಗ ತುಂಬದೆ ಮನಸ್ಸು ಸುಮ್ಮನಿರುವುದಿಲ್ಲ.

ಥ್ರಿಲ್ಲರ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಇದನ್ನು ಮೇಜಿನ ಕೆಳಗಿನ ಬಾಂಬ್ ಇಟ್ಟುಕೊಂಡು ವಿವರಿಸುತ್ತಿದ್ದರು. ಬಾಂಬ್ ಇದ್ದಕ್ಕಿದ್ದಂತೆ ಸಿಡಿದರೆ ನಾವು ಬೆಚ್ಚುವುದು 15 ಸೆಕೆಂಡು. ಮೊದಲೇ ನಮಗೆ ತೋರಿಸಿ, ಅಲ್ಲಿ ಕೂತವರಿಗೆ ತಿಳಿಸದಿದ್ದರೆ 15 ನಿಮಿಷ ಕುರ್ಚಿಯ ತುದಿಯಲ್ಲಿ ಕೂರುತ್ತೇವೆ. ಅವರು ಆಡುವುದು ಬರೀ ಹರಟೆಯೇ ಇರಲಿ, "ಏಳ್ರೋ!" ಅಂತ ಕೂಗಬೇಕು ಅನಿಸುತ್ತದೆ.

ಅಷ್ಟರಲ್ಲಿ ದೇಹ ತನ್ನ ಕೆಲಸ ಶುರು ಮಾಡಿರುತ್ತದೆ. ಅಡ್ರಿನಲಿನ್ ಏರಿ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಕೈಯಲ್ಲಿ ಮಂಡಕ್ಕಿ ಪೊಟ್ಟಣ ಇರುವುದರಿಂದ ಇದು ಆಟ ಅಂತ ಮನಸ್ಸಿಗೆ ಗೊತ್ತು. ಗುಟ್ಟು ಬಯಲಾದ ಮೇಲೂ ಎದೆಬಡಿತ ತಕ್ಷಣ ಇಳಿಯುವುದಿಲ್ಲ. ಹೆದರಿಕೆಯಿಂದ ಉಳಿದ ಆ ಬಿಸಿಯೇ ಬಿಡುಗಡೆಯ ಖುಷಿಯನ್ನು ದುಪ್ಪಟ್ಟು ಮಾಡುತ್ತದೆ ಅಂತ ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್ಮನ್ ವಿವರಿಸಿದ್ದಾರೆ. ಜಾಸ್ತಿ ಹೆದರಿದವರೇ ಹೊರಗೆ ಬಂದು ಜಾಸ್ತಿ ನಗುವುದನ್ನು ನೀವೂ ನೋಡಿರಬಹುದು, ಅಲ್ವಾ?

ಒಳ್ಳೆಯ ಒಡಪಿಗೆ ಒಂದು ನಿಯತ್ತಿದೆ. ಉತ್ತರ ಅದರ ಮಾತಿನೊಳಗೇ ಅಡಗಿರಬೇಕು. ಕೊಲೆಗಾರ ಆಸ್ತಿಗೋ ಸೇಡಿಗೋ ಕೊಂದಿದ್ದರೆ ಸುಳಿವು ಹಿಂದೆ ಎಲ್ಲೋ ಇರುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ "ಅವನಿಗೆ ತಲೆ ಸರಿ ಇರಲಿಲ್ಲ" ಅಂದುಬಿಟ್ಟರೆ? ಅದು ಬರೆದವರ ಸೋಮಾರಿತನ, ಉತ್ತರವಲ್ಲ. ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ಮಾತು ಕೇಳಿಸುವಂಥ ಮನೋರೋಗ, ಇರುವ ಬಹುತೇಕರು ಯಾರ ಮೇಲೂ ಕೈ ಮಾಡುವವರಲ್ಲ. ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವವರೇ ಅವರಲ್ಲಿ ಜಾಸ್ತಿ.

ಇನ್ನೊಂದು ಬಗೆಯ ತೊಂದರೆಯೂ ಇದೆ. 2004ರಲ್ಲಿ ಬಂದ 'ಆಪ್ತಮಿತ್ರ' ನನಗೂ ಇಷ್ಟ. ಅದರ ನಾಯಕ ಮನೋವೈದ್ಯ, ಖುಷಿಯೇ. ಆದರೆ ಇವತ್ತಿಗೂ ಕೆಲವರು ಮಗಳನ್ನು ಕರೆತಂದು, "ಆ ಸಿನಿಮಾದಾಗಿನಂಗ ಒಂದ ರಾತ್ರ್ಯಾಗ ಬಿಡಸ್ರಿ ಡಾಕ್ಟ್ರೇ" ಅನ್ನುತ್ತಾರೆ. ವರ್ಷಗಟ್ಟಲೆ ಕೂತು ಮಾತಾಡಬೇಕಾದ ಕೆಲಸಕ್ಕೆ ಕ್ಲೈಮ್ಯಾಕ್ಸ್ ಎಲ್ಲಿಂದ ತರಲಿ?

ಆ ಹುಡುಗನನ್ನು ಕೇಳಿದೆ, "ನಿನ್ನ ಕಿವಿಯೊಳಗಿನ ಮಾತು ಏನಂತಾವ?"

"ಹೊಲಿಗಿ ಸೊಟ್ಟ ಹಾಕೀದಿ ಅಂತ ಬೈತಾವ್ರಿ."

"ಯಾರನ್ನಾದ್ರೂ ಹೊಡಿ ಅಂತಾವೇನು?"

"ಇಲ್ರಿ ಸರ. ನನ್ನನ್ನ ಅಷ್ಟ ಬೈತಾವು."

ಸ್ವಲ್ಪ ಹಗುರಾದ. ನನ್ನ ಚಟ ಬಿಡಲಿಲ್ಲ. ಕೊಲೆಗಾರ ಅವನೇ ಅಂತ ಯಾವಾಗ ಗೊತ್ತಾಯಿತು ಅಂತ ಕೇಳಿದೆ.

"ಇಂಟರ್ವಲ್‌ಕ್ಕ ಗೊತ್ತಾತ್ರಿ," ಅಂದ. "ಅವ ಗುಳಿಗಿ ತಗೊಳ್ಳೋದು ತೋರಿಸಿದ್ರಲ್ರಿ."