ಬ್ರೇಕ್ ಹಿಡಿದರೆ ಗಾಡಿ ಮುಂದೆ ಹೋಗುತ್ತದೆ

ಫೋರ್ ಬೈ ಫೋರ್ ಗಾಡಿ ಕೊಂಡವರಲ್ಲಿ ಒಂದು ನಂಬಿಕೆ ಬಲವಾಗಿದೆ. ನಾಲ್ಕೂ ಚಕ್ರ ಎಳೆಯುತ್ತವೆ, ಇನ್ನು ಹೂತುಕೊಳ್ಳುವ ಮಾತೆಲ್ಲಿ? ಮಳೆ ಬಿದ್ದ ಮಾರನೇ ದಿನ ಜಗಳೂರು ಕಡೆಯದೋ ಭರಮಸಾಗರದ ಕಡೆಯದೋ ಒಂದು ಎರೆ ಹೊಲದ ದಾರಿಗೆ ಇಳಿಯಿರಿ, ಗೊತ್ತಾಗುತ್ತೆ. ಮುಂದಿನ ಒಂದು ಚಕ್ರ, ಅದಕ್ಕೆ ಎದುರು ಮೂಲೆಯ ಹಿಂದಿನ ಒಂದು ಚಕ್ರ ಗಿರಗಿರ ಸುತ್ತುತ್ತವೆ. ಉಳಿದೆರಡು ಅಲ್ಲಾಡುವುದೂ ಇಲ್ಲ. ಮೀಟರ್ ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರದ ಹಳದಿ ದೀಪ ಮಿಟುಕತೊಡಗುತ್ತದೆ. ಒಬ್ಬರು ಇನ್ನೂ ರೇಸ್ ಕೊಡು ಅಂತಾರೆ. ಇನ್ನೊಬ್ಬರು ಚಕ್ರ ಜಾರದಂತೆ ನೋಡಿಕೊಳ್ಳುವ ಟ್ರ್ಯಾಕ್ಷನ್ ಕಂಟ್ರೋಲ್ ಕೆಟ್ಟಿದೆ ಅಂತಾರೆ. ಮೂರನೆಯವರಿಗೆ ಪಕ್ಕದ ಹುಣಸೆಮರದ ಮೇಲೆ ಅನುಮಾನ.

ಮರದ ತಪ್ಪೇನಿಲ್ಲ. ಎರೆ ಮಣ್ಣಿನ ಜೇಡಿ ಕಣಗಳು ತೆಳ್ಳಗಿನ ಪದರಗಳಾಗಿರುತ್ತವೆ. ನೀರು ಆ ಪದರಗಳ ನಡುವೆ ಹೊಕ್ಕು ಮಣ್ಣನ್ನು ಉಬ್ಬಿಸುತ್ತದೆ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ನೆಲವೇ ಮಳೆಯಲ್ಲಿ ಗ್ರೀಸ್ ಆಗುತ್ತದೆ. ಟೈರಿನ ಗೀರುಗಳು ತುಂಬಿ ಹೋಗಿ ಹೊಸ ಟೈರೂ ಬೋಳು ಟೈರಾಗುತ್ತದೆ. ಆದರೆ ಎರಡು ಚಕ್ರ ಸುತ್ತಿ ಎರಡು ಸುಮ್ಮನಿರುವುದಕ್ಕೆ ಕಾರಣ ಮಣ್ಣಲ್ಲ, ಡಿಫರೆನ್ಶಿಯಲ್. ಅಂದರೆ ಎಂಜಿನ್ ಬಲವನ್ನು ಎಡ, ಬಲ ಚಕ್ರಗಳಿಗೆ ಹಂಚುವ ಜೋಡಣೆ. ಮುಂದೊಂದು, ಹಿಂದೊಂದು ಇರುತ್ತದೆ.

ಇದು ನನಗೆ ತುಂಬಾ ಇಷ್ಟವಾದ ಯಂತ್ರ. ಗಾಡಿಯ ಎರಡು ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರ ಇದೆ ಅಂದುಕೊಳ್ಳಿ. ಗಾಡಿ ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 9.4 ಮೀಟರ್ ಜಾಸ್ತಿ ಓಡಬೇಕು. ಸುತ್ತು ಚಿಕ್ಕದಿರಲಿ, ದಾವಣಗೆರೆ ಊರನ್ನೇ ಬಳಸಿ ಬರುವಷ್ಟು ದೊಡ್ಡದಿರಲಿ, ವ್ಯತ್ಯಾಸ ಅಷ್ಟೇ! ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಚಕ್ರ ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತ 1820ರ ದಶಕದ ಕೊನೆಯಲ್ಲಿ ಉಗಿ ಬಂಡಿಗಾಗಿ ಇದಕ್ಕೊಂದು ಹಲ್ಲುಚಕ್ರದ ಜೋಡಣೆ ಮಾಡಿದ. ಪೆಟ್ರೋಲ್ ಕಾರು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲು.

ಈ ಜೋಡಣೆ ಎರಡೂ ಚಕ್ರಕ್ಕೆ ಬೇರೆ ಬೇರೆ ವೇಗ ಕೊಡುತ್ತದೆ. ಆದರೆ ತಿರುಗಿಸುವ ಬಲವನ್ನು ಮಾತ್ರ ಯಾವಾಗಲೂ ಸಮ ಹಂಚುತ್ತದೆ. ನಡುವೆ ಒಂದೇ ಗೂಟಕ್ಕೆ ಕಟ್ಟಿದ ನೊಗವನ್ನು ನೆನೆಸಿಕೊಳ್ಳಿ. ಒಂದು ಎತ್ತು ಎಳೆಯದೆ ನಿಂತರೆ ನೊಗ ಓರೆಯಾಗುತ್ತದೆ. ಇನ್ನೊಂದು ಎಷ್ಟೇ ಬಲಶಾಲಿ ಆಗಿದ್ದರೂ ಅದರ ಬಲ ಬಂಡಿಗೆ ತಲುಪುವುದಿಲ್ಲ. ಬಂಡಿಗೆ ಸಿಗುವುದು ಸೋತ ಎತ್ತಿನ ಎಳೆತದ ಎರಡರಷ್ಟು, ಅಷ್ಟೇ. ಕೆಸರಿನ ಚಕ್ರ 100 ನ್ಯೂಟನ್ ಮೀಟರ್ ಬಲಕ್ಕೇ ಜಾರಿದರೆ, ಗಟ್ಟಿ ನೆಲದ ಚಕ್ರಕ್ಕೂ 100 ಮಾತ್ರ. ಗಾಡಿ ಏಳಲು 800 ಬೇಕಿದ್ದರೆ ಎಂಜಿನ್ ಎಷ್ಟು ಕಿರುಚಿದರೂ ಅಷ್ಟೇ.

ಈಗ ಮಜಾ ನೋಡಿ. ಜಾರುವ ಚಕ್ರವೊಂದಕ್ಕೇ 700ರಷ್ಟು ಬ್ರೇಕ್ ಹಾಕಿ. ಆ ಕಡೆ ತಿರುಗಿಸಲು ಈಗ 800 ಬೇಕು. ಡಿಫರೆನ್ಶಿಯಲ್‌ಗೆ ಆ ತಡೆ ಕೆಸರಿಂದ ಬಂತೋ ಬ್ರೇಕಿಂದ ಬಂತೋ ಗೊತ್ತಿಲ್ಲ. ಅದು ಪ್ರಾಮಾಣಿಕವಾಗಿ ಈ ಕಡೆಗೂ 800 ಕೊಡುತ್ತದೆ. ಗಟ್ಟಿ ನೆಲದ ಚಕ್ರ ಹಿಡಿತ ಸಿಕ್ಕಿ ಗಾಡಿಯನ್ನು ಎಬ್ಬಿಸುತ್ತದೆ. ನಿಲ್ಲಿಸುವುದಕ್ಕೆಂದು ಇಟ್ಟ ಬ್ರೇಕು ಗಾಡಿಯನ್ನು ಮುಂದೆ ತಳ್ಳುತ್ತದೆ!

ಭದ್ರಾ ನಾಲೆಯ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೆ ಇದು ಹಳೇ ಸುದ್ದಿ. ಟ್ರ್ಯಾಕ್ಟರ್‌ಗೆ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬ್ರೇಕ್ ಪೆಡಲ್ ಇರುತ್ತದೆ. ಯಾವುದು ಜಾರುತ್ತದೋ ಅದರ ಪೆಡಲನ್ನು ಅವರು ಮೆಲ್ಲಗೆ ಒತ್ತುತ್ತಾರೆ. ಕಾರಿನಲ್ಲಿ ಈ ಕೆಲಸ ಕಂಪ್ಯೂಟರ್ ಮಾಡುತ್ತದೆ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಮರ್ಸಿಡಿಸ್ ಕಾರಿಗೆ ಬಂತು. ಚಕ್ರಗಳ ವೇಗ ಅಳೆಯುವ ಸೆನ್ಸರ್ ಅಲ್ಲೇ ಇತ್ತು. ಅದನ್ನೇ ಬಳಸಿ 80ರ ದಶಕದಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಮಾಡಿದರು.

ಹಾಗಾದರೆ ಹೊಲದಲ್ಲಿ ಯಾಕೆ ಕೈಕೊಡುತ್ತದೆ? ಬಹಳ ಸಲ ಅದು ಕೈಕೊಟ್ಟಿರುವುದೇ ಇಲ್ಲ. ದೀಪ ಮಿಟುಕುತ್ತಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಚಕ್ರದ ಹತ್ತಿರ ಕಟಕಟ ಸದ್ದು ಬರುತ್ತದೆ, ಚಾಲಕ ಹೆದರಿ ಕಾಲು ತೆಗೆಯುತ್ತಾನೆ. ಅಲ್ಲಿಗೆ ಬ್ರೇಕೂ ಬಿಡುತ್ತದೆ, ಕೆಲಸ ಕೆಡುತ್ತದೆ. ಬ್ರೇಕ್ ತಿನ್ನುವ 700ನ್ನೂ ಎಂಜಿನ್ನೇ ಕೊಡಬೇಕಲ್ವಾ? ಅದಕ್ಕೇ ವೇಗ ಇಳಿಸಿ ಬಲ ಹೆಚ್ಚಿಸುವ ಫೋರ್ ಲೋ ಗೇರಿಗೆ ಹಾಕಿ, ಸ್ಟೀರಿಂಗ್ ನೆಟ್ಟಗಿಟ್ಟು, ಎಕ್ಸಲೇಟರನ್ನು ಒಂದೇ ಸಮ ಒತ್ತಿ ಹಿಡಿಯಬೇಕು. ಸ್ವಲ್ಪ ಹೊತ್ತು ತಾಳ್ಮೆ ಬೇಕು. ಫೋರ್ ವೀಲ್ ದೀಪವೇ ಮಿಟುಕುತ್ತಿದ್ದರೆ ಮಾತು ಬೇರೆ. ಅಲ್ಲಿ ಗೇರು ಇನ್ನೂ ಪೂರ್ತಿ ಕೂತಿಲ್ಲ.

ಎರಡನೇ ತೊಂದರೆ ಇನ್ನೂ ಸ್ವಾರಸ್ಯ. ಒದ್ದೆ ಡಾಂಬರಿನಲ್ಲಿ ಚಕ್ರ ಜಾರಿದರೆ ಎಂಜಿನ್ ಬಲ ಕಡಿಮೆ ಮಾಡುವುದು ಸರಿ. ಕಂಪ್ಯೂಟರ್ ಅದನ್ನೂ ಮಾಡುತ್ತದೆ. ಆದರೆ ಪರಶುರಾಂಪುರದ ಹತ್ತಿರ ವೇದಾವತಿಯ ಒಣ ಮರಳಿನಲ್ಲಿ ಓಟ ಮುರಿದರೆ ಗಾಡಿ ಮುಳುಗಿತು ಅಂತಲೇ ಲೆಕ್ಕ. ನೀವು ಒತ್ತಿದರೂ ಎಂಜಿನ್ ಏಳುತ್ತಿಲ್ಲ ಅನ್ನಿಸಿದರೆ ಕಾರಣ ಇದೇ. ಆಗ ಇಎಸ್‌ಪಿ (ಗಾಡಿ ಜಾರದಂತೆ ಕಾಯುವ ವ್ಯವಸ್ಥೆ) ಆಫ್ ಗುಂಡಿ ಒತ್ತಬೇಕು. ಕೆಲವು ಗಾಡಿಗಳಲ್ಲಿ ಇದು ಎಂಜಿನ್ ಬಲ ಇಳಿಸುವುದನ್ನಷ್ಟೇ ನಿಲ್ಲಿಸಿ ಬ್ರೇಕಿನ ಕೆಲಸ ಉಳಿಸುತ್ತದೆ, ಕೆಲವದರಲ್ಲಿ ಎರಡೂ ಹೋಗುತ್ತವೆ. ಗಾಡಿ ಜೊತೆ ಕೊಟ್ಟ ಪುಸ್ತಕ ಓದದೆ ಇದಕ್ಕೆ ದಾರಿಯಿಲ್ಲ. ನಿಂಬೆಹಣ್ಣು ಕಟ್ಟಲು ಇರುವ ಶ್ರದ್ಧೆಯಲ್ಲಿ ಕಾಲುಭಾಗ ಆ ಪುಸ್ತಕಕ್ಕೂ ಸಿಗಲಿ.

ದೀಪ ಮಿಟುಕದೆ ನೆಟ್ಟಗೆ ಉರಿಯುತ್ತಿದ್ದರೆ? ಗುಂಡಿ ಆಫ್ ಆಗಿರಬಹುದು. ಇಲ್ಲವೇ ಬ್ರೇಕ್ ಕಾದು ಹೋಗಿ ಕಂಪ್ಯೂಟರ್ ತಾನಾಗಿ ಬಿಡುವು ತೆಗೆದುಕೊಂಡಿರಬಹುದು. ಹಾಗಾಗಿದ್ದರೆ ಎಂಜಿನ್ ನಿಲ್ಲಿಸಿ ಒಂದು ಟೀ ಕುಡಿಯಿರಿ, ಆರಿದ ಮೇಲೆ ಅದೇ ಮರಳುತ್ತದೆ. ಎಬಿಎಸ್ ದೀಪವೂ ಜೊತೆಗೆ ಉರಿದರೆ ಚಕ್ರದ ಸೆನ್ಸರ್ ನೋಡಿ. ವೈರು ಕಲ್ಲಿಗೆ ಸಿಕ್ಕಿ ಕಿತ್ತಿರುತ್ತದೆ, ಇಲ್ಲವೇ ಕೆಸರು, ಕಲ್ಲಿನ ಚೂರು ಮೆತ್ತಿರುತ್ತದೆ. ಚಿಕ್ಕ ಸೈಜಿನ ಸ್ಟೆಪ್ನಿ ಹಾಕಿದ್ದರೂ ಲೆಕ್ಕ ತಪ್ಪುತ್ತದೆ. ಆ ಚಕ್ರ ಯಾವಾಗಲೂ ಜಾರುತ್ತಿದೆ ಎಂದೇ ಕಂಪ್ಯೂಟರ್ ತಿಳಿಯುತ್ತದೆ.

ಗಾಡಿಯ ಹೊಟ್ಟೆ ನೆಲಕ್ಕೆ ತಾಗಿ ಕೂತಿದ್ದರೆ ಇದ್ಯಾವುದೂ ಕೆಲಸಕ್ಕೆ ಬಾರದು. ಭಾರ ಚಕ್ರದ ಮೇಲೆ ಇಲ್ಲದಿದ್ದರೆ ಹಿಡಿತ ಎಲ್ಲಿಂದ ಬರಬೇಕು? ಸನಿಕೆ ತಗೊಂಡು ಕೆಳಗಿನ ಮಣ್ಣು ತೆಗೆಯಬೇಕು. ಮರಳಾದರೆ ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಮೇಲೆ ಬಂದು ಡಾಂಬರು ಸಿಕ್ಕಿದ ಕೂಡಲೇ ಟೂ ವೀಲ್‌ಗೆ ಬದಲಿಸಿ. ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಶಿಯಲ್ ಇಲ್ಲ. ಗಟ್ಟಿ ರಸ್ತೆಯಲ್ಲಿ ಫೋರ್ ವೀಲಲ್ಲೇ ತಿರುವು ತೆಗೆದರೆ ಅವೆರಡೂ ಒಂದನ್ನೊಂದು ಎಳೆದಾಡಿ ಗೇರ್‌ಬಾಕ್ಸಿಗೆ ಏಟು ಬೀಳುತ್ತದೆ. ಟೈರಿಗೆ ಗಾಳಿ ಹಿಡಿಸುವ ತನಕ ನಿಧಾನ ಓಡಿಸಿ.