ಗುಟುಕಿಗೊಂದು ಹುಳುಕು

ಸಕ್ಕರೆ ತಾನಾಗಿ ಹಲ್ಲನ್ನು ಏನೂ ಮಾಡದು. ಹಲ್ಲಿಗೆ ಅಂಟಿದ ತೆಳುವಾದ ಲೋಳೆಪೊರೆಯಲ್ಲಿ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತವೆ; ಕೆಡುಕೆಲ್ಲ ಅದರದು. 1924ರಲ್ಲಿ ಪತ್ತೆಯಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಈ ಗುಂಪಿನ ಕುಖ್ಯಾತ ಸದಸ್ಯ.

ಹಲ್ಲಿನ ಹೊರಕವಚ ಎನಾಮೆಲ್. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ ಇರುವ ಇದು ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಆದರೂ ಬಾಯಿಯ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದರ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಆ ಮಟ್ಟ ಬರುತ್ತದೆ. ಆಮೇಲೆ ಜೊಲ್ಲುರಸ ಆಮ್ಲವನ್ನು ತಣಿಸಿ, ಕಳೆದುಹೋದ ಖನಿಜವನ್ನು ಮರಳಿ ತುಂಬುತ್ತದೆ. ಈ ದುರಸ್ತಿಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕತ್ತು ಬಂತೆಂದರೆ ಕೆಲಸ ಮತ್ತೆ ಮೊದಲಿನಿಂದ.

ಹಾಗಾಗಿ ಊಟದ ಜೊತೆಗೇ ತಿಂದು ಮುಗಿಸಿದ ದೊಡ್ಡ ತುಂಡು ಸಿಹಿಗಿಂತ, ಮೇಜಿನ ಮೇಲಿಟ್ಟುಕೊಂಡು ಮಧ್ಯಾಹ್ನವಿಡೀ ಗುಟುಕರಿಸಿದ ಒಂದೇ ಲೋಟ ಸಿಹಿ ಕಾಫಿ ಹಲ್ಲಿಗೆ ಹೆಚ್ಚು ದುಬಾರಿಯಾಗಬಲ್ಲದು. ಇದಕ್ಕೆ ಪುರಾವೆ ಸಿಕ್ಕ ಬಗೆ ಮಾತ್ರ ನಾಚಿಕೆಗೇಡಿನದು. 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ, ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಇಲ್ಲದ ಬುದ್ಧಿಮಾಂದ್ಯ ರೋಗಿಗಳಿಗೆ ಬಗೆಬಗೆಯಾಗಿ ಸಕ್ಕರೆ ತಿನ್ನಿಸಿ ನೋಡಿದರು. ಊಟದ ಜೊತೆ ಸಕ್ಕರೆ ನೀರು ಕುಡಿದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟಗಳ ನಡುವೆ ಅಂಟು ಟಾಫಿ ಜಗಿದವರ ಹಲ್ಲುಗಳು ಹಾಳಾಗಿಹೋದವು. ಇಂದು ಜಗತ್ತಿನ ದಂತವೈದ್ಯರೆಲ್ಲ ಹೇಳುವ ಬುದ್ಧಿಮಾತಿನ ಹಿಂದೆ ಆ ರೋಗಿಗಳ ನೋವಿದೆ.

ಅಂಟಿನ ಮಾತು ಬಂತಲ್ಲ: ಒಣದ್ರಾಕ್ಷಿ, ಆಲೂಗಡ್ಡೆ ಚಿಪ್ಸ್ ನಿರಪರಾಧಿಗಳಂತೆ ಕಾಣುತ್ತವೆ. ಆದರೆ ದವಡೆ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡ ಪಿಷ್ಟವೂ ಜೊಲ್ಲುರಸದ ಕಿಣ್ವಕ್ಕೆ ಸಿಕ್ಕಿ ಸಕ್ಕರೆಯಾಗುತ್ತದೆ.

ನಿಂಬೆರಸ, ಕೋಲಾಗಳ ದಾರಿ ಬೇರೆ. ಅವುಗಳ ಪಿಎಚ್ 2ರಿಂದ 3ರ ಆಸುಪಾಸು; ಬ್ಯಾಕ್ಟೀರಿಯಾದ ನೆರವಿಲ್ಲದೆ ನೇರವಾಗಿಯೇ ಎನಾಮೆಲ್ ಸವೆಸುತ್ತವೆ. ಸಕ್ಕರೆರಹಿತ ಕೋಲಾಕ್ಕೂ ಈ ವಿಷಯದಲ್ಲಿ ವಿನಾಯಿತಿಯಿಲ್ಲ. ಹುಳಿ ಕುಡಿದ ಕೂಡಲೇ ಹಲ್ಲುಜ್ಜುವುದು ಶುಚಿತ್ವದಂತೆ ತೋರಿದರೂ, ಮೆತ್ತಗಾದ ಪದರವನ್ನು ಕೆರೆದು ತೆಗೆದಂತೆ. ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಕಾಯುವುದು ಮೇಲು. ಚೀಸ್ ತುಂಡೊಂದನ್ನು ಜಗಿದರೆ ಜೊಲ್ಲುರಸವೂ ಉಕ್ಕುತ್ತದೆ, ಕ್ಯಾಲ್ಸಿಯಮ್ಮೂ ಸಿಗುತ್ತದೆ.

ನಿದ್ದೆಯಲ್ಲಿ ಜೊಲ್ಲುರಸದ ಹರಿವು ಬಹುತೇಕ ನಿಂತೇಹೋಗುತ್ತದೆ. ರಾತ್ರಿ ಹಲ್ಲುಜ್ಜಿದ ಮೇಲೆ ಸಕ್ಕರೆ ಬೆರೆಸಿದ ಹಾಲು ಕುಡಿದು ಮಲಗಿದರೆ ಬ್ಯಾಕ್ಟೀರಿಯಾಗಳಿಗೆ ಊಟ ಸಿದ್ಧ. ದುರಸ್ತಿಯವರು ಮಾತ್ರ ಬೆಳಗಿನವರೆಗೆ ರಜೆಯಲ್ಲಿರುತ್ತಾರೆ.